ಉದ್ದವ್ವ ಟ್ರ್ಯಾಕ್ಟರಿನ ಮೂತಿ ತಿರುಗಿಸಿದ್ದು

ಮೇಲವಂಕಿಯ ಉದ್ದವ್ವ ಹಿಮ ಬೀಳುವುದನ್ನು ಕಣ್ಣಿಂದ ನೋಡಿದವಳಲ್ಲ. ಆದರೆ ಅದರ ಬಗ್ಗೆ ಅವಳಷ್ಟು ಕೇಳಿದವರು ಗೋಕಾಕ ಸೀಮೆಯಲ್ಲಿ ಇನ್ನೊಬ್ಬರಿರಲಿಕ್ಕಿಲ್ಲ. ಗಂಡ ದುರ್ಗಪ್ಪ ಮಿಲಿಟರಿಯಲ್ಲಿ ಲಾರಿ ಓಡಿಸಿದವನು, ಅದೂ ಲಡಾಖದ ಘಾಟಿನಲ್ಲಿ. ಹಿಮಕ್ಕೆ ಅವನು ಬರ್ಫ ಎನ್ನುತ್ತಿದ್ದ. ಪೆನ್ಶನ್ ಮೇಲೆ ಊರಿಗೆ ಬಂದು ಎಷ್ಟೋ ವರ್ಷವಾದರೂ ಊಟಕ್ಕೆ ಕುಂತರೆ ಬರ್ಫ, ಚಹಾ ಕುಡಿದರೆ ಬರ್ಫ. ಉದ್ದವ್ವ ಹೂಂಗುಟ್ಟುತ್ತ ರೊಟ್ಟಿ ಬಡಿಯುತ್ತಿದ್ದಳು.

ಕಬ್ಬಿನ ಸಾಲುಗಳ ನಡುವೆ ತೂರುವಂಥ ಸಣ್ಣ ಟ್ರ್ಯಾಕ್ಟರ್ ತಂದಾಗ ಅದನ್ನು ಓಡಿಸಬೇಕಾದವನು ದುರ್ಗಪ್ಪನೇ. ಆದರೆ ಒಂದು ಹಂಗಾಮು ಮುಗಿಯುವಷ್ಟರಲ್ಲಿ ಅವನ ಮೊಣಕಾಲು ಕೈಕೊಟ್ಟಿತು. ಕ್ಲಚ್ ತುಳಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಮಾರಿಬಿಡೋಣ ಎಂದ. ಉದ್ದವ್ವ ಸೆರಗು ಸಿಕ್ಕಿಸಿ, “ನನಗ ಕಲಸ್ರಿ,” ಎಂದಳು.

ಅವನು ಕಲಿಸಿದ್ದು ಮಿಲಿಟರಿ ರೀತಿ, ಬರೀ ಒದರಾಟ. ಅವನು ಒದರಿದಾಗಲೆಲ್ಲ ಇವಳು ಎಂಜಿನ್ ಬಂದ್ ಮಾಡಿ, ಅವನು ಮೆತ್ತಗಾಗುವವರೆಗೆ ಸೀಟಿನ ಮೇಲೆ ಸುಮ್ಮನೆ ಕೂತುಬಿಡುತ್ತಿದ್ದಳು. ಹೀಗೆ ಕಲಿತಳು. ಊರವರು ಮೊದಲು ನಕ್ಕರು, ಆಮೇಲೆ ತಮ್ಮ ಹೊಲಕ್ಕೂ ಬಾ ಎಂದು ಪಾಳಿ ಹಚ್ಚಿದರು.

ತೊಂದರೆ ಶುರುವಾದದ್ದು ಮಳೆಗಾಲದಲ್ಲಿ. ಕಪ್ಪು ಯರಿ ಮಣ್ಣು ನೆನೆದರೆ ಬೆಣ್ಣೆಯಾಗುತ್ತದೆ. ಅವತ್ತು ಹಿಂದೆ ಔಷಧಿಯ ಟಾಕಿ ತುಂಬಿಸಿಕೊಂಡು ತೋಟದ ದಾರಿಯಲ್ಲಿ ಹೊರಟಿದ್ದಳು. ತಿರುವಿನಲ್ಲಿ ಸ್ಟೇರಿಂಗ್ ಪೂರಾ ಎಡಕ್ಕೆ ತಿರುಗಿಸಿದರೂ ಟ್ರ್ಯಾಕ್ಟರ್ ನೆಟ್ಟಗೆ ಜಾರಿಕೊಂಡು ಹೋಗಿ ಸಾತಪ್ಪನ ಬದನೆ ಗಿಡಗಳ ನಡುವೆ ನಿಂತಿತು. ಬಾಜೂ ತೋಟದ ಸಾತಪ್ಪ ಓಡಿ ಬಂದ.

“ಅಕ್ಕಾ, ಬದನಿಕಾಯಿ ಬೇಕಂದ್ರ ಕೇಳಬಾರದೇನ? ಕೈಯಾರೆ ಹರಿದು ಕೊಡ್ತಿದ್ನಲ್ಲ!”

“ನಾ ಎಡಕ್ಕ ತಿರಗಿಸೀನೋ ಸಾತಪ್ಪಣ್ಣ, ಇದರ ಮೂತಿನ ತಿರಗಲಿಲ್ಲ,” ಎಂದಳು ಉದ್ದವ್ವ, ಕೆಳಗಿಳಿಯುತ್ತ.

ಸುದ್ದಿ ಕೇಳಿ ದುರ್ಗಪ್ಪನ ಮುಖ ಅರಳಿತು. ಊರಲ್ಲಿ ಕಡೆಗೂ ಬರ್ಫ ಬಿದ್ದಂತಾಯಿತು ಅವನಿಗೆ. “ಇದಕ್ಕ ಚೈನ್ ಬೇಕು. ಗಾಲಿಗೆ ಸರಪಳಿ ಸುತ್ತಿದ್ರ ಬರ್ಫದ ಮ್ಯಾಲೂ ಹತ್ತತೈತಿ,” ಎಂದ. ಗೋಕಾಕಿಗೆ ಹೋಗಿ ಸರಪಳಿ ತಂದ. ವೆಲ್ಡಿಂಗ್ ಅಂಗಡಿಯ ಯಲ್ಲಾಲಿಂಗನ ಹತ್ತಿರ ಕೂತು ಅಡ್ಡಕೊಂಡಿ ಹಾಕಿಸಿದ. ದೊಡ್ಡ ಹಿಂದಿನ ಗಾಲಿಗಳಿಗೆ ಕಟ್ಟಿ, “ಹೊಡಿ ಈಗ!” ಎಂದ.

ಟ್ರ್ಯಾಕ್ಟರಿನ ಹಿಂಭಾಗ ಈಗ ಜಾರಲಿಲ್ಲ, ನಿಜ. ಹಿಂದಿನ ಗಾಲಿ ಮಣ್ಣನ್ನು ಕಚ್ಚಿ ಭರ್ ಎಂದು ನೂಕಿತು. ಆದರೆ ಮುಂದಿನವು ಎಡಕ್ಕೆ ಹೊರಳಿ ನಿಂತಂತೆಯೇ ಸರಿಯುತ್ತ, ಮೊದಲಿಗಿಂತ ಜೋರಾಗಿ, ನೆಟ್ಟಗೆ ತಿಪ್ಪೆಗೆ ಹೋಗಿ ಹೊಕ್ಕವು. ದುರ್ಗಪ್ಪನ ಮೋರೆ ಊದಿತು. ಉದ್ದವ್ವ ನಗು ತಡೆಯಲಾರದೆ ಸೀಟಿನ ಮೇಲೆಯೇ ಹೊಟ್ಟೆ ಹಿಡಿದುಕೊಂಡಳು.

ನಕ್ಕು ಮುಗಿದ ಮೇಲೆ ಇಳಿದು, ಬಂದ ದಾರಿಯಲ್ಲಿ ಬಗ್ಗಿ ನೋಡುತ್ತ ನಡೆದಳು. ಹಿಂದಿನ ಗಾಲಿಯ ಗುರುತು ಆಳವಾಗಿತ್ತು. ಮುಂದಿನದು ಲಟ್ಟಣಿಗೆ ಆಡಿಸಿದಂತೆ ನುಣ್ಣಗಿತ್ತು. ಮುಂದಿನ ಟೈರ್ ಮುಟ್ಟಿ ನೋಡಿದಳು. ನಡುವಿನ ರಬ್ಬರ್ ಪಟ್ಟಿ ಎಂದೋ ಸವೆದು ಹೋಗಿತ್ತು. ಆಗ ಇನ್ನೊಂದು ನೆನಪಾಯಿತು: ಟಾಕಿ ಖಾಲಿಯಿದ್ದಾಗ ಇದೇ ಟ್ರ್ಯಾಕ್ಟರ್ ಇಷ್ಟು ಹಟ ಮಾಡುತ್ತಿರಲಿಲ್ಲ.

“ರೀ, ಹಿಂದ ವಜ್ಜಿ ಬಿದ್ರ ಮುಂದ ಹಗರ ಆಗತೈತಿ. ಮುಂದಿನ ಗಾಲಿ ನೆಲಾನ ಹಿಡಿಯಾಕತ್ತಿಲ್ಲ. ಅದು ಹಿಡೀದ ಹೊರತು ಹೆಂಗ ತಿರಗಬೇಕು?”

“ನಮ್ಮ ಲಾರಿಗೆ ಹಿಂಗ ಆಗತಿರಲಿಲ್ಲ,” ಎಂದ ದುರ್ಗಪ್ಪ.

“ನಿಮ್ಮ ಲಾರೀದು ಮುಂದಿನ ಗಾಲೀನೂ ಜಗ್ಗತಿತ್ತೇನ?”

ದುರ್ಗಪ್ಪ ಬಗ್ಗಿ ಮುಂದಿನ ಗಾಲಿಯ ಅಚ್ಚು ನೋಡಿದ. “ಹೌದ ನೋಡು. ನಾಕೂ ಗಾಲಿ ಜಗ್ಗತಿದ್ದು. ಇದರ ಮುಂದಿನವು ಬರೇ ಉರುಳ್ತಾವು,” ಎಂದ. ಹಾಗೆ ಹೇಳಿದ್ದೇ ತಡ, ಮುನಿಸೆಲ್ಲ ಹೋಗಿ ಹುರುಪು ಬಂತು. ಇಬ್ಬರೂ ಕೂಡಿ ಗೋಕಾಕಿಗೆ ಹೋಗಿ ನಡುವೆ ಎತ್ತರದ ಪಟ್ಟಿಯಿದ್ದ ಮುಂದಿನ ಟೈರ್ ತಂದರು. ಮುಂದೆ ಭಾರ ಬೀಳಲೆಂದು ಯಲ್ಲಾಲಿಂಗ ಮುಂಬದಿಯ ಬಂಪರಿನ ಮೇಲೆ ಕಬ್ಬಿಣದ ಪೆಟ್ಟಿಗೆ ಕೂಡಿಸಿದ, ಅದರ ತುಂಬ ಮರಳು ಹಾಕಿದರು. ಹಿಂದಿನ ಸರಪಳಿ ಇರಲಿ ಎಂದಳು ಉದ್ದವ್ವ, ಕೆಸರಿನಲ್ಲಿ ಎಳೆಯಲು ಅದು ಬೇಕೇ. ಹಿಂದಿನ ಎಡ ಚಕ್ರಕ್ಕೊಂದು ಬಲ ಚಕ್ರಕ್ಕೊಂದು ಬೇರೆ ಬೇರೆ ಬ್ರೇಕ್ ಇರುವುದರ ಗುಟ್ಟನ್ನು ದುರ್ಗಪ್ಪ ಹೇಳಿಕೊಟ್ಟ: ತಿರುಗಬೇಕಾದ ಕಡೆಯ ಬ್ರೇಕ್ ಒಂದನ್ನೇ ಮೆಲ್ಲಗೆ ಒತ್ತಿದರೆ ಟ್ರ್ಯಾಕ್ಟರ್ ಆ ಕಡೆ ಹೊರಳುತ್ತದೆ. ಒಂದೆರಡು ಮಳೆಯಲ್ಲಿ ಅವಳಿಗೆ ಅದು ಕಾಲಿಗೆ ಹತ್ತಿತು.

ಸಾತಪ್ಪನ ಮಗಳು ಸುಜಾತಾಳ ಮದುವೆ ತೋಟದ ಮನೆಯ ಅಂಗಳದಲ್ಲೇ ಇತ್ತು. ಬೆಳಗ್ಗೆ ಕಾಲವಲ್ಲದ ಕಾಲದ ಮಳೆ ಸುರಿದು ನಿಂತಿತು. ಹುಕ್ಕೇರಿಯಿಂದ ಬಂದ ವರನ ಗಾಡಿ ತೋಟದ ದಾರಿಯಲ್ಲಿ ಅಚ್ಚಿನವರೆಗೆ ಹೂತುಕೊಂಡಿತು. ಮುಂದೆಯೇ ತಿರುವು, ತಿರುವಿನ ಆಚೆ ಕಟ್ಟೆಯಿಲ್ಲದ ಬಾವಿ. ನೂಕಲು ಹೋದವರೆಲ್ಲ ಮೊಣಕಾಲುದ್ದ ಕೆಸರಾದರು. ದೊಡ್ಡ ಟ್ರ್ಯಾಕ್ಟರ್ ತರುವ ಮಾತು ಬಂದಾಗ ಸಾತಪ್ಪ, “ದೊಡ್ಡದು ಆ ತಿರುವಿನ್ಯಾಗ ಹಿಡಸೂದಿಲ್ಲ. ನಮ್ಮ ಅಕ್ಕನ್ನ ಕರೀರಿ,” ಎಂದ.

ಉದ್ದವ್ವ ಮದುವೆಯ ಇಳಕಲ್ ಸೀರೆಯಲ್ಲೇ ಬಂದಳು. ಹಗ್ಗ ಬಿಗಿದರು. ದುರ್ಗಪ್ಪ ಮುಂದೆ ನಿಂತು, ಅವಳ ಕಡೆ ಮುಖ ಮಾಡಿ ಹಿಂದು ಹಿಂದಕ್ಕೆ ನಡೆಯುತ್ತ ಕೈಸನ್ನೆ ಮಾಡತೊಡಗಿದ. ಬಾವಿ ಹತ್ತಿರವಾಯಿತು. ಹಿಂದೆ ಮದುಮಗ, ಮುಂದೆ ಗಂಡ. ಗಡಿಬಿಡಿ ಮಾಡಲಿಲ್ಲ. ಸಣ್ಣ ಗೇರಿನಲ್ಲಿ, ಸ್ಟೇರಿಂಗ್ ಒಮ್ಮೆಲೇ ತಿರುಗಿಸದೆ, ಎಡಬ್ರೇಕನ್ನು ಬೆರಳಿಂದ ಉಪ್ಪು ಉದುರಿಸಿದಷ್ಟೇ ಹಗುರಾಗಿ ಒತ್ತುತ್ತ ಹೊರಳಿಸಿದಳು. ಟೈರಿನ ಪಟ್ಟಿ ಮಣ್ಣು ಸೀಳಿತು, ಮೂತಿ ತಿರುಗಿತು. ಅದರ ಹಿಂದೆ ಗಾಡಿಯೂ ನಾಚಿಕೊಂಡವರ ಹಾಗೆ ಮೆಲ್ಲಗೆ ತಿರುಗಿತು. ಹಂದರದಲ್ಲಿದ್ದವರು ಸಿಳ್ಳೆ ಹೊಡೆದರು, ಬಾಜಾದವರು ಯಾರೂ ಹೇಳದೆಯೇ ಬಾರಿಸತೊಡಗಿದರು.

ವರನ ಸೋದರತ್ತೆ ಗುಡ್ಡವ್ವ ಗಾಡಿಯಿಂದ ಇಳಿದವಳೇ ಉದ್ದವ್ವನ ಕೈ ಹಿಡಿದಳು. “ಯಾವ್ವಾ, ನಮ್ಮ ಮನ್ಯಾಗೂ ಇಂಥಾದ ಐತಿ. ಗಂಡಸರು ಮುಟ್ಟಾಕ ಬಿಡಂಗಿಲ್ಲ. ನನಗ ಕಲಸ್ತೀಯೇನ?”

“ಬರ್ರಿ, ಯಾಕ ಕಲಸಂಗಿಲ್ಲ? ಮೊದಲ ಊಟ ಮಾಡೂನು,” ಎಂದಳು ಉದ್ದವ್ವ.

ಗುಡ್ಡವ್ವ ನಿಜಕ್ಕೂ ಬಂದಳು, ಮದುವೆಯಾದ ಮುಂದಿನ ವಾರವೇ, ಜೊತೆಗೆ ಇಬ್ಬರು ಓರಗಿತ್ತಿಯರನ್ನೂ ಕರೆದುಕೊಂಡು. ಅಂಕಲಗಿಯ ಕಡೆಯ ರೈತರು ತಮ್ಮ ಸಣ್ಣ ಟ್ರ್ಯಾಕ್ಟರ್‌ಗಳನ್ನು ದುರ್ಗಪ್ಪನ ಅಂಗಳಕ್ಕೆ ತರತೊಡಗಿದರು. ಯಾವುದಕ್ಕೆ ಮುಂದೆ ಎಷ್ಟು ವಜ್ಜಿ ಬೇಕು, ಯಾವುದರ ಟೈರ್ ಸವೆದಿದೆ ಎಂದು ಗಂಡ ಹೆಂಡತಿ ದಿನವಿಡೀ ವಾದ ಮಾಡುತ್ತಾರೆ. ಬಂದವರು ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತ, ಇವತ್ತು ಯಾರು ಗೆಲ್ಲುತ್ತಾರೆಂದು ನೋಡುತ್ತಾರೆ.