ಹೊಸ ಕ್ಯಾಮ್‌ಶಾಫ್ಟಿಗೆ ಎತ್ತಿದ ಮಂಗಳಾರತಿ

ಮೊನ್ನೆ ಕುಂದಾಪುರದ ಗ್ಯಾರೇಜೊಂದರ ಮುಂದೆ ಹೋಗುವಾಗ, ಹೊಸದಾಗಿ ಕಟ್ಟಿದ ಎಂಜಿನ್ ಸ್ಟಾರ್ಟ್ ಆಯಿತು. ಬಿಸಿ ಸೈಲೆನ್ಸರಿನ ಮೇಲೆ ಆಯಿಲ್ ಸುಡುವ ವಾಸನೆ... ನೆನಪಾದವರು ನಮ್ಮೂರ ಗ್ಯಾರೇಜಿನ ಮೇಸ್ತ್ರಿ.

ಯಾರ ಮೇಲೂ ಅವರಿಗೆ ಗೌರವವಿರಲಿಲ್ಲ. ಗಿರಾಕಿಯ ಮುಖಕ್ಕಿಂತ ಮೊದಲು ಡಿಪ್‌ಸ್ಟಿಕ್ ನೋಡಿ, ಮೂಗಿನಲ್ಲೇ "ಇದ್ ಆಯಿಲ್ ಅಲ್ಲ ಮರಾಯ್ರೆ, ಕಷಾಯ" ಎನ್ನುತ್ತಿದ್ದರು. ಆ ದನಿ ನನಗೆ ಎಷ್ಟು ಒಲಿದಿತ್ತೆಂದರೆ, ಒಮ್ಮೆ ನಾನು ಅದೇ ದನಿಯಲ್ಲಿ ಕೂಗಿದ್ದಕ್ಕೆ ಅವರ ಹೆಂಡತಿಯೇ ಒಳಗಿನಿಂದ "ಬಂದೆ" ಎಂದಿದ್ದರು. ನನಗಿದ್ದದ್ದು ಅದೊಂದೇ ವಿದ್ಯೆ, ಅದೂ ಕದ್ದದ್ದು.

ವಂಡ್ಸೆಯ ನನ್ನ ಮಾವನ ಜೀಪಿನ ಎಂಜಿನ್ ಬಿಚ್ಚಿ ಹೊಸ ಕ್ಯಾಮ್‌ಶಾಫ್ಟ್, ಅಂದರೆ ವಾಲ್ವುಗಳನ್ನು ಎತ್ತಿಳಿಸುವ ಮೂತಿಮೂತಿಯ ಸರಳು, ಹಾಕಿದವರು ಅವರೇ. ಮಾವನೋ, ಪಂಚಾಂಗ ನೋಡದೆ ಟಯರಿಗೆ ಗಾಳಿಯನ್ನೂ ತುಂಬಿಸದ ಆಸಾಮಿ. ಸ್ಟಾರ್ಟ್ ಮಾಡುವ ದಿನ ಭಟ್ಟರನ್ನು ಕರೆಸಿದ್ದರು. ಮೇಸ್ತ್ರಿ ಮಾವನನ್ನು ಸೀಟಿನಲ್ಲಿ ಕೂರಿಸಿ ಹೇಳಿದರು: "ಹ್ವಾಯ್, ಇಪ್ಪತ್ ನಿಮಿಷ ಎಕ್ಸಲೇಟರ್‌ನಿಂದ ಕಾಲ್ ತೆಗೂಕಾಗ. ನಿಧಾನ ಓಡ್ರೆ ಕ್ಯಾಮಿಗೆ ಆಯಿಲ್ ಎರ್ಚುದಿಲ್ಲ, ಅಲ್ಲೇ ತೇದ್ ಹೋತ್ತ್."

ಐದು ನಿಮಿಷ ಕಳೆದಿತ್ತು. ರೇಡಿಯೇಟರಿಗೆ ನೀರು ತರಲು ಮೇಸ್ತ್ರಿ ಬಾವಿಯ ಕಡೆ ಹೋದರು. ಗದ್ದಲದಲ್ಲಿ ಮಂತ್ರ ಕೇಳಿಸುತ್ತಿಲ್ಲವೆಂದು ಭಟ್ಟರು ಮುಖ ಸಿಂಡರಿಸಿದರು. ಕೇಳಿಸದಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಎತ್ತಿದ ಬಾನೆಟ್ಟಿನ ಮರೆಯಲ್ಲಿದ್ದ ನಾನು, ತಮಾಷೆಗೆಂದು, ಮೇಸ್ತ್ರಿಯ ಮೂಗಿನಿಂದ ಹೇಳಿದೆ: "ಸಾಕ್, ಬಿಡಿ."

ಮಾವ ಕಾಲು ತೆಗೆದರು. ಎಂಜಿನ್ ಮೆತ್ತಗಾಯಿತು. "ಎಷ್ಟ್ ಚಂದ ಶಬ್ದ ಕಾಣಿ" ಎಂದು ತಲೆದೂಗಿದರು, ಸಂಗೀತ ಕಛೇರಿಯಲ್ಲಿ ಕೂತವರಂತೆ.

ಮೇಸ್ತ್ರಿ ಕೊಡಪಾನ ಎಸೆದು ಓಡಿಬಂದರು. ವೇಗ ಏರಿಸಲು ಎಂಜಿನ್ನಿಗೆ ಕೈ ಹಾಕಹೋದರೆ, ಅದರ ಮುಂದೆಯೇ ಆರತಿ ಹಿಡಿದಿದ್ದ ಭಟ್ಟರು "ಎಣ್ಣೆ ಕೈ" ಎಂದು ತಡೆದರು. ಮಾವ ಬಾಯಿ ಮೇಲೆ ಬೆರಳಿಟ್ಟರು. ಭಟ್ಟರಿಗೆ ಅವತ್ತೇ ಇದ್ದಬದ್ದ ದೇವರೆಲ್ಲ ನೆನಪಾಗಬೇಕೇ... ಆರತಿ ಮುಗಿಯುವವರೆಗೂ ಎಂಜಿನ್ ಮೆತ್ತಗೇ ಓಡಿತು.

ತಿಂಗಳಲ್ಲಿ ಎಂಜಿನ್ ಟಕಟಕ ಎನ್ನತೊಡಗಿತು. ಬಿಚ್ಚಿದರೆ, ಕ್ಯಾಮಿನ ಮೂತಿಗಳೆಲ್ಲ ಸವೆದು ಉರುಟಾಗಿದ್ದವು. ಮೇಸ್ತ್ರಿ ಡುಪ್ಲಿಕೇಟ್ ಮಾಲು ಹಾಕಿದ್ದಾರೆಂದು ಮಾವ ವಂಡ್ಸೆಯಿಂದ ಗಂಗೊಳ್ಳಿಯವರೆಗೆ ಸಾರಿದರು.

ಒಂದು ದಿನ ಮೇಸ್ತ್ರಿ ನನ್ನನ್ನು ತಡೆದು ನಿಲ್ಲಿಸಿ ಕೇಳಿದರು: "ನಾನೇ ಬಿಡಿ ಅಂದೆ ಅಂಬ್ರ್ ನಿನ್ ಮಾವ. ನೀ ಅಲ್ಲೇ ಇದ್ದೆ ಅಲ್ದಾ, ನಾನ್ ಹೇಳಿದ್ನಾ?"

"ನಂಗೆ ಕೇಳ್ಲಿಲ್ಲ" ಎಂದೆ. ಅದನ್ನು ಮಾತ್ರ ನನ್ನ ಸ್ವಂತ ದನಿಯಲ್ಲಿ ಹೇಳಿದೆ.

ಗಿರಾಕಿಗಳು ಒಬ್ಬೊಬ್ಬರಾಗಿ ಬಿಟ್ಟುಹೋದರು. ಗ್ಯಾರೇಜು ಮುಚ್ಚಿತು. ಮೇಸ್ತ್ರಿ ತೀರಿಕೊಂಡು ಎರಡು ವರ್ಷ. ಮಾವ ಈಗಲೂ ಊಟಕ್ಕೆ ಕೂತಾಗ ಅವರ ಮಾತು ಬಂದರೆ "ಕಳ್ಳ" ಎನ್ನುತ್ತಾರೆ. ನಾನು ಇನ್ನೊಂದು ಸೌಟು ಮೀನು ಸಾರು ಹಾಕಿಸಿಕೊಳ್ಳುತ್ತೇನೆ.