ಗಂಗಾ ಕಾಕೂ ಓದಿದ್ದು

ಹೊಸ ಪುಸ್ತಕದ ಪಾಕೀಟು ಬಿಚ್ಚಿದಾಗ ಎಲ್ಲರಿಗೂ ಅಂಟಿನ ವಾಸನೆ, ಮಸಿಯ ವಾಸನೆ ಬರುತ್ತದಂತೆ. ನನಗೆ ಬರುವುದು ಒಣಗಿದ ಬೇವಿನೆಲೆಯ ವಾಸನೆ. ನಿನ್ನೆ ಮೊನ್ನೆ ಅಚ್ಚಾದ ಪುಸ್ತಕದಲ್ಲಿ ಬೇವಿನೆಲೆ ಎಲ್ಲಿಂದ ಬರಬೇಕು ಹೇಳಿ? ಇಲ್ಲವೆಂದು ಗೊತ್ತಿದ್ದೂ ಒಮ್ಮೆ ಪುಟ ಜಾಡಿಸಿ ನೋಡುತ್ತೇನೆ. ಕೊಣ್ಣೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಗೋಡೆಯೊಳಗೇ ಒಂದು ಕಪಾಟಿತ್ತು. ನನ್ನ ಮುತ್ಯಾ, ಅಂದರೆ ಅಪ್ಪನ ಅಪ್ಪ, ಅದರಲ್ಲಿ ತನ್ನ ಪುಸ್ತಕಗಳನ್ನು ಜೋಡಿಸಿಟ್ಟಿದ್ದ. ಹುಳ ಹತ್ತಬಾರದೆಂದು ಪ್ರತಿ ಸಾಲಿನ ಕೆಳಗೆ ಬೇವಿನ ಸೊಪ್ಪು ಹಾಸುತ್ತಿದ್ದ. ಬಾಗಿಲು ತೆಗೆದರೆ ಆ ಕಹಿ ವಾಸನೆ ಮುಖಕ್ಕೇ ಬಡಿಯುತ್ತಿತ್ತು. ಆ ಮನೆ ಈಗಿಲ್ಲ. ರಸ್ತೆ ಅಗಲ ಮಾಡುವಾಗ ಪಡಸಾಲೆ ಹೋಯಿತು, ಉಳಿದದ್ದು ಅಣ್ಣತಮ್ಮಂದಿರ ಪಾಲಿನಲ್ಲಿ ಹೋಯಿತು. ಅಲ್ಲೀಗ ಮೊಬೈಲ್ ರಿಪೇರಿ ಅಂಗಡಿ ಇದೆ. ಬಸ್ಸು ಆ ದಾರಿಯಲ್ಲಿ ಹೋಗುವಾಗ ನಾನು ಕಿಟಕಿಯಾಚೆ ನೋಡುವುದಿಲ್ಲ.

ನಾನಿರುವುದು ಗೋಕಾಕದಲ್ಲಿ, ಕಲಿಸುವುದು ಮೂಡಲಗಿಯ ಒಂದು ಹೈಸ್ಕೂಲಿನಲ್ಲಿ. ದಿನಾ ಬಸ್ಸಿನಲ್ಲಿ ಹೋಗಿಬರುವಾಗ ಮೊಬೈಲಿನಲ್ಲಿ ನಮ್ಮ ಓದುಗರ ಗುಂಪು ನೋಡುತ್ತೇನೆ. ಗೋಕಾಕ, ಮೂಡಲಗಿ, ಹುಕ್ಕೇರಿ, ಮೂರೂ ಕಡೆಯ ಓದುವ ಮಂದಿ ಅದರಲ್ಲಿದ್ದಾರೆ. ಓದುತ್ತೇವೆ ಎನ್ನುವ ಮಂದಿ ಎಂದರೆ ಹೆಚ್ಚು ಸರಿ. ಇತ್ತೀಚೆಗೆ ಓದಿದ ಪುಸ್ತಕದ ಬಗ್ಗೆ ನಾಲ್ಕು ಸಾಲು ಹಾಕಬೇಕೆಂಬುದು ಅಲ್ಲಿನ ಕಟ್ಟಳೆ. ಹಾಕುತ್ತಾರೆ. ‘ಮನಮುಟ್ಟುವ ಕೃತಿ, ಎಲ್ಲರೂ ಓದಲೇಬೇಕು.’ ನನಗೆ ಕೂಡಲೇ ಸಂಶಯ. ಮನ ಮುಟ್ಟಿತಂತೆ, ಕೈ ಮುಟ್ಟಿದೆಯೋ ಇಲ್ಲವೋ? ಘಟಪ್ರಭಾದ ಒಬ್ಬ ಹಿರಿಯರು ಒಂದು ದಪ್ಪ ಕಾದಂಬರಿಯ ಕೊನೆಯ ಅಧ್ಯಾಯ ಕಣ್ಣೀರು ತರಿಸಿತೆಂದು ಬರೆದರು. ಯಾರು ಸತ್ತದ್ದಕ್ಕೆ ಸರ್, ಎಂದು ಕೇಳಿದೆ. ಆ ಕಾದಂಬರಿಯಲ್ಲಿ ಯಾರೂ ಸಾಯುವುದಿಲ್ಲ. ಅವರು ಕೈ ಮುಗಿಯುವ ಚಿತ್ರವೊಂದನ್ನು ಕಳಿಸಿ ಸುಮ್ಮನಾದರು. ಅದನ್ನು ನೋಡಿದ ಇನ್ನಿಬ್ಬರು ತಮ್ಮ ಹಳೆಯ ಅಭಿಪ್ರಾಯಗಳನ್ನೂ ಸದ್ದಿಲ್ಲದೆ ಅಳಿಸಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಇದ್ದೇ ಇರುತ್ತಾರಲ್ಲ. ನೀ ಓದುವವಳಲ್ಲ, ಪೊಲೀಸ್ ಎಂದು ಗೆಳತಿಯರು ನಗುತ್ತಾರೆ. ನಗಲಿ. ಈ ಗುಣ ನಾನು ಹುಟ್ಟಿನಿಂದ ತಂದದ್ದಲ್ಲ, ಮುತ್ಯಾನ ತೊಡೆಯ ಮೇಲೆ ಕೂತು ಕಲಿತದ್ದು.

ಮುತ್ಯಾ ನೂಲಿನ ಗಿರಣಿಯಲ್ಲಿ ದುಡಿದವನು. ನೂಲು ಎಳೆದು, ಬೆಳಕಿಗೆ ಹಿಡಿದು, ಎಲ್ಲಿ ಗಂಟಿದೆ, ಎಲ್ಲಿ ಸಡಿಲಿದೆ ಎಂದು ನೋಡುವುದು ಅವನ ಕೆಲಸ. ಕಣ್ಣಿಗೆ ಛಂದ ಕಾಣುವ ನೂಲನ್ನೇ ಮೊದಲು ಎಳೆದು ನೋಡಬೇಕು ಎನ್ನುತ್ತಿದ್ದ. ಮನುಷ್ಯರ ವಿಷಯದಲ್ಲೂ ಅವನ ನಂಬಿಕೆ ಅದೇ. ನಿವೃತ್ತನಾದ ಮೇಲೆ ಊರಿನವರಿಗೆ ಪುಸ್ತಕ ಕೊಡತೊಡಗಿದ. ಒಯ್ದವರು ರವಿವಾರ ಮುಂಜಾನೆ ಪಡಸಾಲೆಗೆ ಬಂದು ಪುಸ್ತಕ ಹಿಂದಿರುಗಿಸಿ, ಅದು ಹೇಗಿತ್ತು, ಯಾರು ಓದಬೇಕು, ಯಾರು ಓದಬಾರದು ಎಂದು ಎಲ್ಲರೆದುರು ಹೇಳಬೇಕು. ಹೇಳಿದ ಮೇಲೆಯೇ ಚಹಾ. ಅಡಿಗೆಮನೆಯಲ್ಲಿ ಚಹಾ ಕುದಿಯುವ ವಾಸನೆ ಪಡಸಾಲೆಗೆ ಬರುತ್ತಿತ್ತು, ಸಾಲಿ ಮಾಸ್ತರರು ಮೂಗು ಅರಳಿಸಿಕೊಂಡು ಮಾತು ಹುಡುಕುತ್ತಿದ್ದರು. ಟೇಲರ್ ದಸ್ತಗೀರ ಕಾಕಾ ಮಾತ್ರ ಎರಡೇ ಮಾತಿನಲ್ಲಿ, ನನಗೆ ಸೇರಲಿಲ್ಲ, ಅರ್ಧಕ್ಕೆ ಬಿಟ್ಟೆ ಎಂದು ಮುಗಿಸುತ್ತಿದ್ದ. ಮುತ್ಯಾ ಎಲ್ಲರಿಗಿಂತ ಹೆಚ್ಚು ನಂಬುತ್ತಿದ್ದದ್ದು ಅವನನ್ನೇ.

ಉಳಿದವರಿಗೆ ಒಂದು ಪರೀಕ್ಷೆ ಇತ್ತು. ಅದು ಗೊತ್ತಿದ್ದದ್ದು ಮುತ್ಯಾನಿಗೆ ಮತ್ತು ಐದನೆಯ ಇಯತ್ತೆಯಲ್ಲಿದ್ದ ನನಗೆ ಮಾತ್ರ. ಪುಸ್ತಕ ಕೊಡುವ ಮೊದಲು ಬೆರಳುದ್ದದ ಮೂರು ಬಿಳಿ ನೂಲಿನ ಎಳೆಗಳನ್ನು ಮೊದಲಲ್ಲೊಂದು, ನಡುವೆ ಒಂದು, ಕೊನೆಗೊಂದು ಇಡುತ್ತಿದ್ದೆವು. ಓದುವವನು ಪುಟ ತಿರುವಿದರೆ ಎಳೆ ಜಾರಿ ಬೀಳುತ್ತಿತ್ತು, ಅವನಿಗೆ ತಿಳಿಯುತ್ತಲೂ ಇರಲಿಲ್ಲ. ತಿರುವದಿದ್ದರೆ ಇಟ್ಟಲ್ಲೇ ಇರುತ್ತಿತ್ತು. ಎಳೆ ಇಡುವುದೂ ಬಂದ ಪುಸ್ತಕ ತೆರೆದು ನೋಡುವುದೂ ನನ್ನ ಕೆಲಸ. ನಾನು ಬೆರಳು ತೋರಿಸಿದರೆ ಸಾಕು, ಮುತ್ಯಾ ಮೀಸೆಯಡಿ ನಗುತ್ತ, ಮುನ್ನುಡಿ ಛಲೋ ಓದೀರಿ ಮಾಸ್ತರ್ರ, ಎನ್ನುತ್ತಿದ್ದ. ಇವನಿಗೆ ಹೇಗೆ ತಿಳಿಯುತ್ತದೋ ಎಂದು ಎಲ್ಲರಿಗೂ ಬೆರಗು. ದೊಡ್ಡವರ ಸುಳ್ಳು ಹಿಡಿಯುವ ಸುಖ ಬೆಲ್ಲಕ್ಕಿಂತ ರುಚಿ ಎಂದು ನನಗೆ ಆಗಲೇ ಗೊತ್ತಾಗಿತ್ತು.

ಅಪ್ಪನ ತಮ್ಮ ಸಣ್ಣ ಕಾಕಾನ ಹೆಂಡತಿ ಗಂಗಾ ಕಾಕೂ ಬೆಲ್ಲದ ಬಾಗೇವಾಡಿಯಿಂದ ನಮ್ಮ ಮನೆಗೆ ಬಂದದ್ದು ಆ ಹೊತ್ತಿಗೆ. ಹತ್ತನೆಯ ಇಯತ್ತೆ ಪಾಸಾಗಿದ್ದಳು. ಮಾವನ ಎದುರು ಕೂಡುವ ಹಾಗಿರಲಿಲ್ಲ, ಆದರೂ ಮುತ್ಯಾ ಅವಳಿಗೂ ಪುಸ್ತಕ ಕೊಟ್ಟ. ಅವಳು ಅಡಿಗೆಮನೆಯ ಬಾಗಿಲ ಮರೆಯಲ್ಲಿ ನಿಂತು ಅಭಿಪ್ರಾಯ ಹೇಳುತ್ತಿದ್ದಳು. ಪಡಸಾಲೆಗೆ ಕಾಣುತ್ತಿದ್ದದ್ದು ಸೀರೆಯ ಅಂಚು, ಕೇಳುತ್ತಿದ್ದದ್ದು ಆ ತಣ್ಣನೆಯ ದನಿ. ಅವಳು ಕಥೆ ಹೇಳುತ್ತಿರಲಿಲ್ಲ. ಬರೆದವನು ಎಲ್ಲಿ ಅವಸರ ಮಾಡಿದ್ದಾನೆ, ಯಾರ ಪರ ವಹಿಸಿದ್ದಾನೆ, ಏನು ಮುಚ್ಚಿಟ್ಟಿದ್ದಾನೆ ಎಂದು ಹೇಳುತ್ತಿದ್ದಳು. ಕೆಲವೇ ವಾರಗಳಲ್ಲಿ ಪುಸ್ತಕ ಒಯ್ಯದವರೂ ರವಿವಾರ ಬಂದು ಕೂಡತೊಡಗಿದರು. ಸಂಜೆ ರೊಟ್ಟಿ ಬಡಿಯುತ್ತ ನನಗೂ ಹೇಳುತ್ತಿದ್ದಳು, ಇದನ್ನು ಈಗಲೇ ಓದು, ಅದನ್ನು ದೊಡ್ಡವಳಾದ ಮೇಲೆ ಓದು ಎಂದು. ಒಲೆಯ ಬೆಳಕು, ರೊಟ್ಟಿಯ ಸಪ್ಪಳ, ಅದರ ನಡುವೆ ಅವಳ ಮಾತು. ಅಂಥ ಶಾಲೆಗೆ ನಾನು ಆಮೇಲೆ ಹೋಗಲೇ ಇಲ್ಲ. ಆದರೆ ಖರೆ ಹೇಳುತ್ತೇನೆ, ನನಗೆ ಹೊಟ್ಟೆಕಿಚ್ಚೂ ಇತ್ತು. ಮುತ್ಯಾನ ಕಣ್ಣು ಮೊದಲು ನನ್ನ ಕಡೆ ಹೊರಳುತ್ತಿತ್ತು, ಈಗ ಆ ಬಾಗಿಲ ಕಡೆ ಹೊರಳುತ್ತಿತ್ತು.

ಒಂದು ರವಿವಾರ ಅವಳು ಅತ್ತೆ-ಸೊಸೆಯರ ಒಂದು ಕಾದಂಬರಿಯ ಬಗ್ಗೆ ಮಾತಾಡಿದಳು. ಆ ಮಾತು ನನಗೆ ಇಂದಿಗೂ ಬಾಯಿಪಾಠವಿದೆ.

“ಬರದಾಂವಗ ಅತ್ತಿ ಮ್ಯಾಲ ಸಿಟ್ಟೈತ್ರಿ. ಅದಕ ಆಕೀನ ನಡಕ ಲಗೂನ ಸಾಯಿಸ್ಯಾನ. ಇನ್ನೊಂದೀಟು ಬದಕಿದ್ರ ಆಕಿ ಬಾಜೂ ಏನಿತ್ತಂತ ಹೇಳಬೇಕಾಗ್ತಿತ್ತಲ್ರಿ, ಅದಕ್ಕ ಅಂಜ್ಯಾನ.”

ನಾ ಎರಡು ಸಲ ಓದಿದರೂ ಇದು ಹೊಳೆಯಲಿಲ್ಲವಲ್ಲ ಎಂದು ಮಾಸ್ತರರು ಅಂದರು. ದಸ್ತಗೀರ ಕಾಕಾ ಆ ಪುಸ್ತಕ ಇವತ್ತೇ ನನಗೆ ಬೇಕೆಂದ. ಅವಳ ಪುಸ್ತಕವನ್ನು ಅಲ್ಲಿಯವರೆಗೆ ನಾವು ಒಮ್ಮೆಯೂ ಪರೀಕ್ಷೆ ಮಾಡಿರಲಿಲ್ಲ. ಮನೆಯ ಸೊಸೆಗೆ ಎಂಥ ಪರೀಕ್ಷೆ ಎಂದು ಮುತ್ಯಾ ಬಿಟ್ಟಿದ್ದ. ಎಳೆ ಮಾತ್ರ ನಾನು ಎಲ್ಲ ಪುಸ್ತಕಗಳಲ್ಲೂ ಇಡುತ್ತಿದ್ದೆ. ಅವತ್ತು ಯಾರೂ ಹೇಳದೆಯೇ ಪುಸ್ತಕ ಎಳೆದುಕೊಂಡು ತೆರೆದೆ. ಮೊದಲಲ್ಲೊಂದು, ನಡುವೆ ಒಂದು, ಕೊನೆಗೊಂದು, ಮೂರೂ ಇದ್ದವು. ನಾನು ಎಳೆಗಳನ್ನು ಯಾವಾಗಲೂ ಸೊಟ್ಟಪಟ್ಟ ಎಸೆಯುತ್ತಿದ್ದೆ. ಇವು ಪುಸ್ತಕದ ಹೊಲಿಗೆಯ ಗುಂಟ ಯಾರೋ ಬೆರಳಿನಿಂದ ನೀವಿ ಇಟ್ಟ ಹಾಗೆ ನೇರವಾಗಿದ್ದವು. ಅದನ್ನು ನಾನು ನೋಡಿದೆ. ನೋಡಿಯೂ ಅದೊಂದನ್ನು ನುಂಗಿಕೊಂಡು, “ಮುತ್ಯಾ, ಮೂರೂ ಅದಾವ,” ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

ಮುತ್ಯಾನ ಮುಖ ಕಪ್ಪಿಟ್ಟಿತು. ಅಷ್ಟು ವರ್ಷ ಮುಚ್ಚಿಟ್ಟ ಗುಟ್ಟನ್ನು ಅವತ್ತು ತಾನೇ ಬಿಚ್ಚಿ, ಎಳೆಗಳನ್ನು ಎತ್ತಿ ಎಲ್ಲರಿಗೂ ತೋರಿಸಿದ. ಕಾಕೂನ ಅಣ್ಣ ಹುಕ್ಕೇರಿಯಲ್ಲಿ ಕಾಲೇಜಿನಲ್ಲಿ ಕಲಿಸುತ್ತಿದ್ದ, ತಂಗಿಯನ್ನು ನೋಡಲು ಆಗಾಗ ಬರುತ್ತಿದ್ದ. ಮಾತೆಲ್ಲ ಅವನದು, ಇವಳದು ಬರೀ ಬಾಯಿ ಎಂದು ಮುತ್ಯಾ ಲೆಕ್ಕ ಹಾಕಿಬಿಟ್ಟ. ಆಮೇಲೆ ಬಾಗಿಲ ಕಡೆ ತಿರುಗಿ, ದನಿ ಏರಿಸದೆ ಹೇಳಿದ.

“ಓದಲಾರದ ಪುಸ್ತಕದ ಮ್ಯಾಲ ಆಡೂ ಮಾತು ಎಂಜಲ ಇದ್ದಂಗ, ಗಂಗವ್ವ. ನಮ್ಮ ಪಡಸಾಲ್ಯಾಗ ಎಂಜಲಾ ಬಡಸಬ್ಯಾಡ.”

ನಾಲ್ಕು ಜನ ಗಂಡಸರ ಎದುರು ಮಾವನಿಗೆ ಮರುಮಾತಾಡುವ ಸೊಸೆಯಂದಿರು ನಮ್ಮ ಕಡೆ ಆಗ ಇರಲಿಲ್ಲ. ಸೀರೆಯ ಅಂಚು ಒಳಗೆ ಸರಿಯಿತು. ಆ ವಾರದಿಂದ ಕಾಕೂ ಕಪಾಟಿನ ಒಂದು ಪುಸ್ತಕವನ್ನೂ ಮುಟ್ಟಲಿಲ್ಲ. ಮುತ್ಯಾ ಅದನ್ನೇ ಸಾಕ್ಷಿ ಮಾಡಿಕೊಂಡ: ಕಳ್ಳನ ಮನಸ್ಸು ಹುಳ್ಳುಳ್ಳಗೆ, ಎಂದ. ಸಂಜೆ ನಾನು ಒಲೆಯ ಮುಂದೆ ಹೋಗಿ ಕೂತರೆ ಕಾಕೂ ಮೊದಲಿನಂತೆಯೇ ಬಿಸಿ ರೊಟ್ಟಿಗೆ ಬೆಣ್ಣೆ ಹಚ್ಚಿ ಕೊಡುತ್ತಿದ್ದಳು, ನನ್ನ ಮೇಲೆ ಒಂದು ದಿನವೂ ಸಿಟ್ಟು ತೋರಿಸಲಿಲ್ಲ. ಯಾವ ಪುಸ್ತಕ ಓದಲಿ ಎಂದು ಕೇಳಿದರೆ, ನನಗೇನು ಗೊತ್ತು ತಂಗಿ, ಎನ್ನುತ್ತಿದ್ದಳು. ರವಿವಾರದ ಮಂದಿಯೂ ಕಡಿಮೆಯಾದರು. ತಮ್ಮನ್ನು ಅಷ್ಟು ದಿನ ಪರೀಕ್ಷೆ ಮಾಡಿದ್ದಾನೆಂದು ತಿಳಿದ ಮೇಲೆ ಯಾರು ಬರುತ್ತಾರೆ? ದಸ್ತಗೀರ ಕಾಕಾ ಒಬ್ಬ ಬರುತ್ತಿದ್ದ, ಪುಸ್ತಕದ ಮಾತೆತ್ತದೆ ಎದ್ದು ಹೋಗುತ್ತಿದ್ದ.

ಮುತ್ಯಾ ತೀರಿಕೊಂಡಾಗ ನಾನು ಬಿ.ಎಡ್. ಓದುತ್ತಿದ್ದೆ. ಪಡಸಾಲೆ ಕೆಡವುವ ಮೊದಲು ಕಪಾಟು ಖಾಲಿ ಮಾಡಬೇಕಿತ್ತು, ನಾನೂ ಕಾಕೂನೂ ನೆಲದ ಮೇಲೆ ಕೂತು ಪುಸ್ತಕ ಒರೆಸುತ್ತಿದ್ದೆವು. ಆ ಕಾದಂಬರಿ ಕೈಗೆ ಬಂತು. ತಡೆಯಲಾರದೆ, ಆದರೂ ಆ ಹಳೆಯ ಸಂಶಯದ ದನಿಯಲ್ಲೇ, ಇದನ್ನು ನೀ ಖರೆ ಓದಿದ್ದೆಯಾ ಎಂದು ಕೇಳಿಬಿಟ್ಟೆ. ಕಾಕೂ ಪುಸ್ತಕವನ್ನು ಸೆರಗಿನಿಂದ ಒರೆಸುತ್ತಲೇ ಹೇಳಿದಳು.

“ಆ ದಾರಾ ಮಾವಾರು ಗುರ್ತಿಗೆ ಇಟ್ಟಾರಂತ ತಿಳದಿದ್ನಿ. ತಮಗ ಸೇರಿದ ಪುಟಕ್ಕ ಇಟ್ಟಿರಬೇಕು ಅಂತ. ಅವರ ಗುರ್ತು ತಪ್ಪಬಾರದಂತ ಓದಿ ಮುಗಿಸಿ ಮತ್ತ ಅಲ್ಲೇ ಇಡತಿದ್ನಿ. ಆ ಪುಟಾ ಅಷ್ಟ ಎರಡೆರಡ ಸಲ ಓದತಿದ್ನೆವ್ವ, ಅದರಾಗ ಮಾವಾರಿಗೆ ಏನ್ ಸೇರಿತು ನೋಡೂಣಂತ.”

ಆ ಪುಟಗಳಲ್ಲಿ ಏನೂ ಇರಲಿಲ್ಲ. ಕೈಗೆ ಸಿಕ್ಕ ಪುಟ ತೆರೆದು ನಾನು ಎಳೆ ಎಸೆದಿದ್ದೆ. ಇಡೀ ಊರಿನಲ್ಲಿ ಆ ಎಳೆಯನ್ನು ಕಣ್ಣಿಟ್ಟು ನೋಡಿ, ಜೋಪಾನ ಮಾಡಿ, ಮರಳಿ ಇಟ್ಟವಳು ಅವಳೊಬ್ಬಳೇ, ಎಳೆ ಎತ್ತಿ ತೋರಿಸಿ ಎಲ್ಲರೆದುರು ನಾವು ಕಳ್ಳಿ ಮಾಡಿದ್ದೂ ಅವಳೊಬ್ಬಳನ್ನೇ. ನೇರವಾಗಿದ್ದ ಎಳೆಗಳನ್ನು ನೋಡಿದ್ದೆ ಎಂದು ಅವತ್ತಾದರೂ ಹೇಳಬೇಕಿತ್ತು. ಅದರ ಬದಲು, ಮುತ್ಯಾನಿಗೆ ಆಗಲೇ ಯಾಕೆ ಹೇಳಲಿಲ್ಲ ಎಂದು ಅವಳನ್ನೇ ಕೇಳಿದೆ, ತಪ್ಪು ಅವಳದೇ ಎನ್ನುವ ಹಾಗೆ. ಕಾಕಾನಿಗೆ ಹೇಳಿದ್ದಳಂತೆ. ಅಪ್ಪನ ಮುಂದೆ ವಾದ ಬೇಡ, ಒಂದು ಪುಸ್ತಕದ ಮಾತು, ಬಿಡು ಎಂದಿದ್ದನಂತೆ ಕಾಕಾ. ಪುಸ್ತಕಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಊರ ಶಾಲೆಗೆ ಕಳಿಸಿದೆವು.

ಕಾಕೂ ಈಗ ಹುಕ್ಕೇರಿಯಲ್ಲಿ ಮಗಳ ಮನೆಯಲ್ಲಿದ್ದಾಳೆ. ಕೂದಲು ಪೂರಾ ನರೆತಿದೆ, ಕನ್ನಡಕ ಹಾಕಿದರೆ ಕಣ್ಣು ಇನ್ನೂ ಚೊಕ್ಕ ಇವೆ. ಹೋದ ತಿಂಗಳು ಒಂದು ಕಾದಂಬರಿ ಒಯ್ದು ಕೊಟ್ಟುಬಂದೆ. ಒಬ್ಬ ಕುಂಬಾರ ಹೆಣ್ಣುಮಗಳ ಕಥೆ. ಅವಳಿಗೆ ಮೋಸ ಮಾಡಿದ ಅಣ್ಣ ಕೊನೆಯ ಪುಟದಲ್ಲಿ ಅವಳ ಬಾಗಿಲಿಗೆ ಬಂದು ನಿಲ್ಲುತ್ತಾನೆ; ಅವಳು ನೀರು ಕೊಡುತ್ತಾಳೆ, ಕ್ಷಮೆ ಕೊಡುವುದಿಲ್ಲ. ಎರಡು ವಾರ ಬಿಟ್ಟು ಹೋದಾಗ ಕಾಕೂ ಅಡಿಗೆಮನೆಯಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಅಜ್ಜಿ ಅದನ್ನು ಮೂರು ದಿನದಲ್ಲಿ ಮುಗಿಸಿದಳು, ಕನ್ನಡಕ ತೆಗೆಯಲೇ ಇಲ್ಲ ಎಂದು ಮೊಮ್ಮಗಳು ಹೇಳಿದಳು. ಹೇಗಿತ್ತು ಕಾಕೂ ಎಂದೆ. ಛಲೋ ಐತಿ, ಎಂದಳು. ಯಾವುದು ಛಲೋ ಎಂದೆ. ಎಲ್ಲಾ ಛಲೋ ಐತಿ, ಎಂದಳು. ಆಗ ನನಗೆ ತಿಳಿದಿದ್ದ ಒಂದೇ ವಿದ್ಯೆಯನ್ನು ಉಪಯೋಗಿಸಿದೆ. ಅವಳು ಓದಿದ್ದಾಳೋ ಇಲ್ಲವೋ ಎಂದು ಹಿಡಿಯಲಿಕ್ಕಲ್ಲ, ತಪ್ಪು ಹೇಳಿದರೆ ತಿದ್ದಲಿಕ್ಕಾದರೂ ಬಾಯಿ ತೆರೆದಾಳೆಂದು. ಕೊನೆಗೆ ಆ ಹೆಣ್ಣುಮಗಳು ಅಣ್ಣನನ್ನು ಕ್ಷಮಿಸಿದ್ದು ನನಗೆ ಬಹಳ ಸೇರಿತು ಕಾಕೂ, ಎಂದೆ.

ಸೊಪ್ಪು ಬಿಡಿಸುತ್ತಿದ್ದ ಅವಳ ಬೆರಳು ನಿಂತವು. ತಲೆ ಎತ್ತಿ ನನ್ನ ಮುಖವನ್ನೇ ನೋಡಿದಳು. ತುಟಿ ಒಂದಿಷ್ಟು ಅಲುಗಿತು, ಈಗ ಹೇಳುತ್ತಾಳೆ ಎಂದು ಕಾದೆ.

“ನೀ ಅಂತಿ ಅಂದ್ರ ಹಂಗ ಇರಬೇಕು, ತಂಗಿ,” ಎಂದು ಕಾಕೂ ಇನ್ನೊಂದು ಹಿಡಿ ಸೊಪ್ಪು ಕೈಗೆತ್ತಿಕೊಂಡಳು.