ಪಕ್ಕದ ಸೀಟಿನ ಬ್ರೇಕು

ನನ್ನ ಅಣ್ಣ ಮೂವತ್ತೊಂದು ವರ್ಷ ಪಕ್ಕದ ಸೀಟಿನಲ್ಲಿ ಕೂತೇ ಸಂಪಾದನೆ ಮಾಡಿದ. ಕಾರು ಓಡಿಸೋದು ಕಲಿಸುವ ಮೇಷ್ಟ್ರು ಅವನು. ಅವನ ಕಾರಿನಲ್ಲಿ ಬ್ರೇಕು ಎರಡು. ಒಂದು ಓಡಿಸುವವರ ಕಾಲ ಕೆಳಗೆ, ಇನ್ನೊಂದು ಅವನ ಕಾಲ ಕೆಳಗೆ. ನಡುವೆ ಕಬ್ಬಿಣದ ಸರಳೊಂದು ಎರಡನ್ನೂ ಜೋಡಿಸಿತ್ತು. ಯಾರು ಒತ್ತಿದರೂ ಕಾರು ನಿಲ್ಲುತ್ತಿತ್ತು. ಅದೇ ಅಭ್ಯಾಸವಾಗಿ ಬಸ್ಸಿನಲ್ಲಿ ಕೂತರೂ ತಿರುವು ಬಂದಾಗ ನೆಲ ಒತ್ತುತ್ತಿದ್ದ. ಊಟಕ್ಕೆ ಕೂತಾಗ ನಾನು ದನಿ ಏರಿಸಿದರೆ ಮೇಜಿನ ಕೆಳಗೆ ಅವನ ಕಾಲು ನೆಲಕ್ಕೆ ಊರುತ್ತಿತ್ತು. ನಾನು ನಿಲ್ಲುತ್ತಿರಲಿಲ್ಲ, ಅದು ಬೇರೆ ಮಾತು.

ಅವನಿಗೆ ಒಂದು ಹೆಮ್ಮೆಯಿತ್ತು. ಬೇರೆ ಮೇಷ್ಟ್ರುಗಳು ಕಲಿಯುವವರ ಎದೆ ಧಸಕ್ಕೆನ್ನುವ ಹಾಗೆ ಬ್ರೇಕು ತುಳಿದು ಬೈಯುತ್ತಿದ್ದರು. ಅಣ್ಣ ಹಾಗಲ್ಲ. ಕಲಿಯುವವರ ಕಾಲು ಬ್ರೇಕಿನ ಮೇಲೆ ಬರುವ ಕ್ಷಣ ಕಾದು, ಅದರ ಜೊತೆಗೇ ತಾನೂ ಮೆಲ್ಲಗೆ ಒತ್ತುತ್ತಿದ್ದ. ಒತ್ತಿದ್ದು ತಾವೇ ಅಂತ ಅವರು ಅಂದುಕೊಳ್ಳಬೇಕು, ಅದರಿಂದ ಅವರಿಗೆ ಧೈರ್ಯ ಬರಬೇಕು. ಇದು ಅವನ ಲೆಕ್ಕ. "ನನ್ನ ಕಾಲು ಇತ್ತು ಅಂತ ಒಬ್ಬರಿಗೂ ಗೊತ್ತಾಗಿಲ್ಲ," ಅಂತ ನನ್ನ ಹತ್ತಿರ ಎಷ್ಟು ಸಲ ಹೇಳಿಲ್ಲ!

ಕಲಿಯಲು ಬಂದವರಿಗೆಲ್ಲ ಅಡ್ಡಹೆಸರು ಇಡುತ್ತಿದ್ದ. ಹಾರ್ನ್ ಬಿಟ್ಟು ಬೇರೇನೂ ಮುಟ್ಟದ ಬ್ಯಾಂಕಿನ ಗುಮಾಸ್ತನಿಗೆ ಪೀಪಿ. ಮೊದಲ ದಿನವೇ ಕಾರನ್ನು ತರಕಾರಿ ಅಂಗಡಿಯೊಳಗೆ ನುಗ್ಗಿಸಲು ಹೊರಟ ಎತ್ತರದ ಹುಡುಗಿಗೆ ಸ್ಪೀಡಮ್ಮ. ಅತ್ತಿಗೆಗೆ ಮದುವೆಯ ದಿನದಿಂದಲೇ ಕುಳ್ಳಿ.

ಈ ಕುಳ್ಳಿ ಅತ್ತಿಗೆ ಇಪ್ಪತ್ತಾರು ವರ್ಷ ಆ ಕಾರಿನ ಸ್ಟೇರಿಂಗ್ ಮುಟ್ಟಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನೋದು ಸುಳ್ಳೇ? ಅವರು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದರು. ಮೂರು ಪಾಳಿ, ಎರಡು ಬಸ್ಸು. ನಲವತ್ತೊಂಬತ್ತಕ್ಕೆ ಕಾಲುನೋವು ಶುರುವಾದ ಮೇಲೆ ಒಂದು ದಿನ ತಾವಾಗಿಯೇ ಹೋಗಿ ಕಾರಿನಲ್ಲಿ ಕೂತರು. ಸೀಟನ್ನು ಪೂರ್ತಿ ಮುಂದಕ್ಕೆ ಎಳೆದರೂ ಕಾಲು ಎಟುಕದೆ, ನಾನು ಬೆನ್ನಿಗೊಂದು ದಪ್ಪ ದಿಂಬು ಹೊಲಿದುಕೊಟ್ಟೆ. ನಾಲ್ಕು ತಿಂಗಳು ಕಲಿತರು. ಪರೀಕ್ಷೆಯಲ್ಲಿ ಒಂದೇ ಸಲಕ್ಕೆ ಪಾಸು. ಅಣ್ಣ ಬೀದಿಗೆಲ್ಲ ಸಿಹಿ ಹಂಚಿದ. ಸ್ವಂತ ಹಣದಲ್ಲಿ ಅವನು ಸಿಹಿ ಕೊಂಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಪಾಸಾಗಿ ಆರನೇ ವಾರ. ರಾತ್ರಿ ಪಾಳಿ ಮುಗಿಸಿದ ಅತ್ತಿಗೆ, ಜ್ವರ ಬಂದು ಆಸ್ಪತ್ರೆಯಲ್ಲೇ ಮಲಗಿದ್ದ ಗೆಳತಿಯ ಕಾರನ್ನು ಅವಳ ಮನೆಗೆ ಮುಟ್ಟಿಸಲು ಹೊರಟರು. ಬೆಳಿಗ್ಗೆ ಏಳು ಗಂಟೆ, ಖಾಲಿ ರಸ್ತೆ. ಗೋದಾಮಿನ ಗೋಡೆಯ ತಿರುವಿನಲ್ಲಿ ಒಂದು ಲಾರಿ ನಿಂತಿತ್ತು. ಅತ್ತಿಗೆ ಓಡಿಸುತ್ತಿದ್ದ ಕಾರು ನೇರವಾಗಿ ಹೋಗಿ ಅದಕ್ಕೆ ಹೊಡೆಯಿತು. ಅತ್ತಿಗೆ ಅಲ್ಲೇ ತೀರಿಕೊಂಡರು.

ಅಲ್ಲಿದ್ದ ಪೊಲೀಸಿನವನನ್ನು ಅಣ್ಣ ಕೇಳಿದ್ದು ಒಂದೇ ಪ್ರಶ್ನೆ. "ರಸ್ತೆ ಮೇಲೆ ಬ್ರೇಕ್ ಹಾಕಿದ ಗುರುತು ಇದೆಯಾ?"

"ಇಲ್ಲ," ಅಂದ ಅವನು.

ಇಂಥ ಹೊತ್ತಿನಲ್ಲೂ ಇವನಿಗೆ ಬ್ರೇಕಿನ ಯೋಚನೆಯೇ ಅಂತ ನನಗೆ ಸಿಟ್ಟು ಬಂತು. ವೃತ್ತಿಬುದ್ಧಿ ಅಂದುಕೊಂಡೆ. ನನ್ನಂಥ ದಡ್ಡಿ ಇನ್ನೊಬ್ಬಳಿಲ್ಲ.

ಆವತ್ತಿಗೇ ಪಾಠ ನಿಂತಿತು. ಅಣ್ಣ ನನ್ನ ಮನೆಗೆ ಬಂದ, ಅವನ ಕಾರು ಹಿಂದಿನ ಶೆಡ್ಡಿಗೆ ಬಂತು. ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ, ನಡುವೆ ನಮ್ಮಿಬ್ಬರ ಅಡುಗೆ ಊಟ, ಹಿಂದೆ ಅವನ ಕಾರು. ನಾಲ್ಕು ವರ್ಷದಲ್ಲಿ ಅದು ರಸ್ತೆ ಕಂಡದ್ದು ಹತ್ತು ಸಲ ಇರಬಹುದು, ಅದೂ ಯಾರನ್ನೋ ಬೇಡಿಕೊಂಡು ಓಡಿಸಿದ್ದು. ಅಣ್ಣ ಅಂತೂ ಸ್ಟೇರಿಂಗ್ ಹಿಂದೆ ಕೂರುತ್ತಿರಲಿಲ್ಲ. ಕೂರಬೇಕಾದರೆ ಸೀಟನ್ನು ಹಿಂದಕ್ಕೆ ಸರಿಸಬೇಕು. ಅತ್ತಿಗೆ ಮುಂದಕ್ಕೆ ಎಳೆದಿಟ್ಟ ಸೀಟನ್ನು ಮುಟ್ಟಲು ಅವನು ಬಿಡುತ್ತಿರಲಿಲ್ಲ. ಪ್ರತಿ ಭಾನುವಾರ ಏಳು ಗಂಟೆಗೆ ಪಕ್ಕದ ಸೀಟಿನಲ್ಲಿ ಕೂತು, ಅಲ್ಲಿಂದಲೇ ಬಗ್ಗಿ ಕೀಲಿ ತಿರುಗಿಸುತ್ತಿದ್ದ. ಹತ್ತು ನಿಮಿಷ ಇಂಜಿನ್ನು ಗುರ್ ಅನ್ನುತ್ತಿತ್ತು. ಅವನ ಕಾಲು ತನ್ನ ಬ್ರೇಕಿನ ಮೇಲೆ. ಆಮೇಲೆ ಆರಿಸಿ, ಬಾಗಿಲು ಹಾಕಿ, ಒಳಗೆ ಬಂದು ಕಾಫಿ ಕುಡಿಯುತ್ತಿದ್ದ.

ಮಾರು ಅಂತ ನಾನು ತಲೆ ತಿಂದೆ. ಇಲಿ ವೈರು ಕಡಿದಾಗ ಹೇಳಿದೆ, ಬ್ಯಾಟರಿ ಸತ್ತಾಗ ಹೇಳಿದೆ. ವೈರು, ಬ್ಯಾಟರಿ ಎಲ್ಲ ನೆಪ. ಆ ಕಾರು ನನ್ನ ಅಣ್ಣನನ್ನು ವಾರಕ್ಕೆ ಹತ್ತು ನಿಮಿಷದಂತೆ ತಿನ್ನುತ್ತಿತ್ತು. ನನಗೆ ಬೇಕಾಗಿದ್ದದ್ದು ಶೆಡ್ಡಲ್ಲ, ಅಣ್ಣ.

ಹೀಗಿರುವಾಗ ಸ್ಪೀಡಮ್ಮ ಬಂದಳು. ಈಗ ಅವಳಿಗೂ ನಲವತ್ತು ದಾಟಿದೆ. ಹೆಂಗಸರಿಗೆ ಡ್ರೈವಿಂಗ್ ಕಲಿಸುವ ಶಾಲೆ ತೆರೆಯುತ್ತಿದ್ದಳು. ಎರಡು ಬ್ರೇಕಿನ ಕಾರು ಬೇಕು, ಅದೂ ತಾನು ಕಲಿತದ್ದೇ ಬೇಕು ಅಂದಳು. ಅಣ್ಣ ಆಗಲ್ಲ ಅನ್ನಲಿಲ್ಲ. ಆಗಲಿ ಅಂತಲೂ ಅನ್ನಲಿಲ್ಲ. ಒಂದು ಸುತ್ತು ಓಡಿಸಿ ನೋಡು ಅಂದ. ವ್ಯವಹಾರ ಕೆಡಿಸಿಯಾನು ಅಂತ ನಾನೂ ಹಿಂದಿನ ಸೀಟಿಗೆ ಹತ್ತಿದೆ.

"ಸೀಟು ಹಿಂದೆ ಸರಿಸಬೇಡ," ಅಂದ ಅಣ್ಣ.

"ಮೇಷ್ಟ್ರೇ, ಮೊಣಕಾಲು ಕಿವಿಗೆ ಬರತ್ತೆ."

"ಬರಲಿ."

ಪಾಪ, ಮಡಚಿದ ಕೊಡೆಯಂತೆ ಕೂತು ಓಡಿಸಿದಳು. ಎರಡು ಬೀದಿ ಚೆನ್ನಾಗಿಯೇ ಹೋಯಿತು. ಶಾಲೆಯ ಗೋಡೆಯ ಹತ್ತಿರ ಗ್ಯಾಸ್ ಸಿಲಿಂಡರ್ ಕಟ್ಟಿಕೊಂಡ ಸೈಕಲ್ಲೊಂದು ಅಡ್ಡ ಬಂತು. ಸ್ಪೀಡಮ್ಮ ಬ್ರೇಕು ಹಾಕಿದಳು. ಕಾರು ನಯವಾಗಿ ನಿಂತಿತು. ಅವಳು ನಕ್ಕುಬಿಟ್ಟಳು.

"ಇನ್ನೂ ಬಿಟ್ಟಿಲ್ವಾ ಮೇಷ್ಟ್ರೇ?"

"ಏನನ್ನ?"

"ನಮ್ಮ ಕಾಲಿನ ಜೊತೆ ನೀವೂ ಒತ್ತೋದು."

ಅಣ್ಣ ಅವಳನ್ನೇ ನೋಡಿದ. "ನಿನಗೆ ಹೇಗೆ ಗೊತ್ತಾಯ್ತು?"

"ಗೊತ್ತಾಗದೆ ಏನು? ನಾವು ಒತ್ತೋಕೆ ಮುಂಚೆನೇ ಪೆಡಲ್ಲು ಕೆಳಗೆ ಓಡೋದು. ನಾವೆಲ್ಲ ಹೊರಗಡೆ ಅದನ್ನ ಹೇಳ್ಕೊಂಡು ನಗ್ತಿದ್ವಿ. ನಿಮಗೆ ಬೇಜಾರಾಗುತ್ತೆ ಅಂತ ಹೇಳ್ತಿರಲಿಲ್ಲ ಅಷ್ಟೇ."

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಕಥೆ. ಮೂವತ್ತೊಂದು ವರ್ಷದ ಗುಟ್ಟು ಊರಿಗೆಲ್ಲ ಗೊತ್ತಿತ್ತು. ನನಗೂ ನಗು ಬಂತು. ಅಣ್ಣ ನನ್ನ ಕಡೆ ತಿರುಗಿದ. ಅವನ ಮುಖ ನೋಡಿ ನಗು ನಿಲ್ಲಿಸಿದೆ.

"ಅವಳಿಗೂ ಗೊತ್ತಿತ್ತಾ? ನಿನ್ನ ಅತ್ತಿಗೆಗೆ?"

"ಗೊತ್ತಿತ್ತಣ್ಣ," ಅಂದೆ. "ಕುಪ್ಪಸದ ಅಳತೆ ಕೊಡೋಕೆ ಬಂದಾಗ ಹೇಳಿದ್ರು. ಒತ್ತೋದು ಗೊತ್ತಾಗುತ್ತೆ, ಗೊತ್ತಿಲ್ಲದವಳ ಹಾಗೆ ಇರ್ತೀನಿ, ಅವರಿಗೆ ಅದೊಂದು ಖುಷಿ ಅಂತ. ನೀನು ಕೆಲಸಕ್ಕೆ ಹೋದಾಗ ಇವಳ ಕಾರಲ್ಲಿ ಅಭ್ಯಾಸ..." ನಾನು ಸ್ಪೀಡಮ್ಮನನ್ನು ತೋರಿಸಿದೆ.

"ಹೌದು ಮೇಷ್ಟ್ರೇ," ಅಂದಳು ಅವಳು ತಗ್ಗಿದ ದನಿಯಲ್ಲಿ. "ನನ್ನ ಕಾರಲ್ಲಿ ಮೂರು ಸಲ ಕರ್ಕೊಂಡು ಹೋಗಿದ್ದೆ. ಅದರಲ್ಲಿ ಎರಡನೇ ಬ್ರೇಕ್ ಇಲ್ಲ. ಅಕ್ಕ ಚೆನ್ನಾಗೇ ನಿಲ್ಲಿಸ್ತಿದ್ರು."

ಮನೆಗೆ ಬಂದೆವು. ನಾಳೆ ಹೇಳುತ್ತೇವೆ ಅಂತ ಸ್ಪೀಡಮ್ಮನನ್ನು ಕಳಿಸಿದೆ.

ಅವನು ನನ್ನ ಹೊಲಿಗೆ ಯಂತ್ರದ ಪಕ್ಕ ಸ್ಟೂಲಿನ ಮೇಲೆ ಕೂತ. ಆಮೇಲೆ ನಾಲ್ಕು ವರ್ಷದ ಮಾತು ಹೊರಗೆ ಬಂತು.

"ನಾನು ಏನಂದ್ಕೊಂಡಿದ್ದೆ ಗೊತ್ತಾ? ಕಾರು ನಿಲ್ಲಿಸೋದು ತಾನೇ ಅಂತ ಅವಳು ನಂಬಿದ್ಲು. ಆವತ್ತು ಕಾಲು ಸುಮ್ನೆ ಬ್ರೇಕಿನ ಮೇಲೆ ಇಟ್ಲು. ಅಷ್ಟಕ್ಕೇ ನಿಲ್ಲುತ್ತೆ ಅಂತ ಕಾದ್ಲು. ನನ್ನ ಕಾಲು ಅಲ್ಲಿರಲಿಲ್ಲ."

ನಾನು ಕತ್ತರಿ ಕೆಳಗಿಟ್ಟೆ. ಒಂದೇ ಸೂರು, ಒಂದೇ ಊಟ, ನಾಲ್ಕು ವರ್ಷ. ಅವನು ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಉರಿಯುತ್ತಿದ್ದ. ಅದನ್ನು ಆರಿಸುವ ಮಾತು ನನ್ನ ಹತ್ತಿರ ಇತ್ತು, ನಾನು ಬಾಯಿ ಬಿಟ್ಟಿರಲಿಲ್ಲ. ಇಡೀ ದಿನ ವಟವಟ ಅನ್ನುವ ಬಾಯಿ ಇದು.

"ಇಲ್ಲಣ್ಣ. ಅವರಿಗೆ ನಿದ್ದೆ ಹತ್ತಿರಬೇಕು. ಅದು ಸತತ ನಾಲ್ಕನೇ ರಾತ್ರಿ ಪಾಳಿ. ನಿನ್ನ ತಪ್ಪಿಲ್ಲ."

"ನಿದ್ದೆ," ಅಂದ.

"ಅಷ್ಟೇ ಇರಬೇಕು."

"ಅಷ್ಟೇನಾ?"

ಭಾರ ಇಳಿಯಿತು ಅಂತ ಅವನು ಅಳುತ್ತಾನೆ, ನಾನು ನೀರು ಕೊಡುತ್ತೇನೆ, ಅಂತೆಲ್ಲ ನಾನು ಯೋಚಿಸಿದ್ದೆ. ಅವನು ಅಳಲಿಲ್ಲ. ತನ್ನ ಕಾಲನ್ನೇ ನೋಡುತ್ತಾ ಕೂತಿದ್ದ.

"ತಪ್ಪು ನಂದು ಅಂತ ಇದ್ದಾಗ, ಕೊನೆಗಳಿಗೆಯಲ್ಲಿ ಅವಳು ನನಗೋಸ್ಕರ ಕಾದಿದ್ಲು ಅಂತಾದ್ರೂ ಇತ್ತು," ಅಂದ. "ಈಗ ಅದೂ ಇಲ್ಲ. ನಾನಲ್ಲಿ ಇರಲೇ ಇಲ್ಲ."

ಸತ್ಯ ಹೇಳಿ ಒಳ್ಳೆಯದು ಮಾಡಿದೆನೋ, ಅವನ ಕೈಯಲ್ಲಿ ಉಳಿದಿದ್ದ ಒಂದನ್ನೂ ಕಿತ್ತುಕೊಂಡೆನೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಕೊನೆಗೆ ಅವನೇ ಅಂದ, "ಕೊಟ್ಟುಬಿಡು. ಇನ್ನು ಅದರಲ್ಲಿ ಕೂತು ಏನು ಮಾಡಲಿ?"

ಮರುದಿನ ಸ್ಪೀಡಮ್ಮ ಬಂದಳು. ಅಣ್ಣನದು ಒಂದೇ ಷರತ್ತು. "ನೀನು ಬ್ರೇಕ್ ಒತ್ತಿದಾಗಲೆಲ್ಲ, ನಾನು ಒತ್ತಿದೆ ಅಂತ ಬಾಯಿಬಿಟ್ಟು ಹೇಳ್ಬೇಕು. ಅವರಿಗೆ ಗೊತ್ತಿದ್ದರೂ ಹೇಳು. ಯಾರೂ ಸುಮ್ಮನಿರೋದು ಬೇಡ." ಅವಳು ತಲೆಯಾಡಿಸಿದಳು. ಕೀಲಿ ತೆಗೆದುಕೊಂಡು ಕಾರಿನ ಬಾಗಿಲು ತೆಗೆದವಳು, ಸೀಟು ನೋಡಿ ಹಾಗೇ ನಿಂತಳು. ಅವಳ ಮನೆ ಊರಿನ ಆ ತುದಿಗಿದೆ. ಅಷ್ಟು ದೂರ ಮಡಚಿಕೊಂಡು ಹೋಗಲಾಗದು. ಸೀಟು ಹಿಂದೆ ಸರಿಯಲೇಬೇಕು. ಸೀಟಿನ ಕೆಳಗಿನ ಸನ್ನೆ ಎಳೆಯುವ ಧೈರ್ಯ ಅವಳಿಗೂ ಇಲ್ಲ, ಅಣ್ಣನಿಗೂ ಇಲ್ಲ.

ನಾನು ಒಳಗೆ ಹೋಗಿ ನನ್ನ ಟೇಪು ಮತ್ತು ಅಳತೆ ಪುಸ್ತಕ ತಂದೆ. ಅತ್ತಿಗೆಯ ಪುಟವನ್ನು ನಾನು ಹರಿದುಹಾಕಿರಲಿಲ್ಲ. ಎದೆ, ಸೊಂಟ, ತೋಳು. ವರ್ಷ ವರ್ಷವೂ ಹೊಡೆದು ತಿದ್ದಿದ ಅಂಕಿಗಳು. ಶೆಡ್ಡಿನ ನೆಲದ ಮೇಲೆ ಮಂಡಿಯೂರಿ, ಸೀಟಿನ ಅಂಚಿಗೆ ಟೇಪಿನ ಒಂದು ತುದಿ ಹಿಡಿದು, ಇನ್ನೊಂದು ತುದಿಯನ್ನು ಪೆಡಲ್ಲಿಗೆ ಮುಟ್ಟಿಸಿದೆ. ಎರಡು ಸಲ ನೋಡಿದೆ. ತೋಳಿನ ಅಳತೆಯ ಕೆಳಗೆ ಬರೆದುಕೊಂಡೆ.

ಆಮೇಲೆ ಅಣ್ಣನೇ ಬಗ್ಗಿ ಸನ್ನೆ ಎಳೆದ. ತುಕ್ಕು ಹಿಡಿದ ಹಳಿಯ ಮೇಲೆ ಸೀಟು ಕಿರ್ ಅಂತ ಹಿಂದೆ ಹೋಯಿತು.

ಕಾರು ಬೀದಿಯ ತಿರುವು ದಾಟುವವರೆಗೂ ಇಬ್ಬರೂ ನಿಂತಿದ್ದೆವು.

"ಎಷ್ಟು ಬಂತು?" ಅಂತ ಕೇಳಿದ.

"ಹದಿಮೂರೂವರೆ ಇಂಚು."

"ಕುಳ್ಳಿ," ಅಂದ ಅಣ್ಣ.

ನಾಲ್ಕು ವರ್ಷದಲ್ಲಿ ಆ ಹೆಸರು ಅವನ ಬಾಯಿಂದ ಬಂದದ್ದು ಅದೇ ಮೊದಲು. ಶೆಡ್ಡಿನ ಬಾಗಿಲು ಹಾಕಿ ಬರುತ್ತೇನೆ ಅಂತ ಹೋದವನು ಬಹಳ ಹೊತ್ತು ಆಚೆ ಬರಲಿಲ್ಲ. ನಾನು ಕರೆಯಲಿಲ್ಲ.